ಗಾಡಿ ಕಾಯುವ ಸೇವೆ

ದೇವರ ಎದುರು ನಿಂತಾಗ ನನ್ನ ಮನಸ್ಸು ಎಲ್ಲಿರುತ್ತದೆ ಎಂದು ಈವರೆಗೆ ಯಾರೂ ಕೇಳಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು. ಅದು ಹೊರಗೆ, ಚಪ್ಪಲಿಯ ಹತ್ತಿರ ಇರುತ್ತದೆ. ಮಂಗಳಾರತಿಯ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿದರೆ ನಾನು ಅರ್ಧ ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತೇನೆ. ಸರ್ಕಾರಿ ನೌಕರಿಗೆಂದು ದಾವಣಗೆರೆಯಿಂದ ದೆಹಲಿಗೆ ಬಂದ ಹೊಸತರಲ್ಲಿ ಗುಡಿಯ ಮುಂದೆ ಹೊಸ ಚಪ್ಪಲಿ ಕಳೆದುಕೊಂಡು, ಕಾದ ಟಾರು ರಸ್ತೆಯ ಮೇಲೆ ಬಸ್ ಸ್ಟಾಪಿನವರೆಗೆ ಕುಣಿಯುತ್ತ ಹೋದವನು ನಾನು. ಅಂದಿನಿಂದ ಎಡಗಾಲಿನದನ್ನು ಒಂದು ಮೂಲೆಯಲ್ಲಿ, ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿ ಬಿಡುತ್ತೇನೆ. ನನ್ನ ಹೆಂಡತಿ ಸುಮಿತ್ರಾ ಇದನ್ನು ಭಕ್ತಿಯ ಕೊರತೆ ಎನ್ನುತ್ತಾಳೆ. ನಾನು ಅನುಭವ ಎನ್ನುತ್ತೇನೆ. ನೌಕರಿಯಿಂದ ನಿವೃತ್ತನಾದರೂ ಈ ಕೆಲಸದಿಂದ ಮಾತ್ರ ನನಗೆ ನಿವೃತ್ತಿ ಸಿಕ್ಕಿಲ್ಲ.

ಜನಕಪುರಿಯಲ್ಲಿ ನಮ್ಮ ಫ್ಲಾಟು ಮೊದಲ ಮಹಡಿಯಲ್ಲಿದೆ. ಅದರ ಕೆಳಗೇ, ಗೋಡೆಗೆ ಒತ್ತಿಕೊಂಡು, ರಾಮ್‌ದೀನ್ ತರಕಾರಿ ಗಾಡಿ ನಿಲ್ಲಿಸುತ್ತಿದ್ದ. ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಬಿಸಿಗಾಳಿ ಮುಖಕ್ಕೆ ರಾಚುತ್ತಿದ್ದಾಗ, ಪಾಲಕ್ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವನು ಹಾಗೇ ಕುಸಿದ. ಆಸ್ಪತ್ರೆಗೆ ಹೋದವನು ಹಿಂದಿರುಗಲಿಲ್ಲ. ಕೆಲವು ವಾರಗಳ ಮೇಲೆ ಅದೇ ಜಾಗಕ್ಕೆ ಅದೇ ಗಾಡಿ ಬಂತು, ತಳ್ಳುತ್ತಿದ್ದವಳು ಅವನ ಹೆಂಡತಿ ಶಾಂತಿ. ನಾವು ಎಂದಿನಂತೆ ಮೇಲಿನಿಂದ ಬುಟ್ಟಿ ಇಳಿಬಿಟ್ಟು, ಎಂದಿನಂತೆ ಕೊತ್ತಂಬರಿ ಪುಕ್ಕಟೆ ಹಾಕು ಎಂದೆವು. ಅವಳು ಹಾಕಿದಳು.

ಈ ವರ್ಷ ಬಿಸಿಲು ಏರುವ ಮೊದಲೇ ಎದುರು ರಸ್ತೆಯ ಗುರುದ್ವಾರದ ಜ್ಞಾನೀಜಿ, ಈ ಸಲ ರಾಮ್‌ದೀನ್‌ನಂತೆ ಯಾರೂ ಬೀಳಬಾರದು ಎಂದು ಮಾತೆತ್ತಿದರು. ಮಂದಿರದ ಪಂಡಿತ್‌ಜಿ, ಮಸೀದಿಯ ಮೌಲ್ವಿ ಸಾಹೇಬರು, ಚರ್ಚಿನ ಫಾದರ್ ಎಲ್ಲರೂ ಸೇರಿ ಒಂದು ಸಮಿತಿಯಾಯಿತು. ಸಭೆಯ ನಡಾವಳಿ ಬರೆದು ಬರೆದು ಸವೆದ ಕೈ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಇದಕ್ಕೆ ಹವಾಮಾನ ನ್ಯಾಯ ಎನ್ನುತ್ತಾರೆ ಎಂದು ಫಾದರ್ ವಿವರಿಸಿದರು. ಧಗೆಯನ್ನು ಹೆಚ್ಚಿಸುವವರು ಒಳಗೆ ಕುಳಿತಿದ್ದೇವೆ, ಅದನ್ನು ಉಣ್ಣುವವರು ಹೊರಗೆ ನಿಂತಿದ್ದಾರೆ, ಕಡೇಪಕ್ಷ ಬಾಗಿಲನ್ನಾದರೂ ತೆರೆಯೋಣ ಎಂಬುದು ಅವರ ಮಾತಿನ ಸಾರ. ಯಾರೂ ಎದುರಾಡಲಿಲ್ಲ. ಮಧ್ಯಾಹ್ನದ ಹೊತ್ತು ನಾಲ್ಕೂ ಕಡೆಯ ಸಭಾಂಗಣಗಳನ್ನು ಬಿಸಿಲಲ್ಲಿ ದುಡಿಯುವವರಿಗೆ ತೆರೆದಿಡುವುದು ಎಂದು ನಿರ್ಣಯವಾಯಿತು. ಸಭೆ ಮುಗಿಸಲು ನಾಲ್ಕು ಪ್ರಾರ್ಥನೆಗಳೂ ಆಗಬೇಕಿದ್ದರಿಂದ ತರಿಸಿಟ್ಟ ಸಮೋಸಾ ಮಾತ್ರ ತಣ್ಣಗಾಯಿತು.

ಆದರೆ ಯಾರೂ ಬರಲಿಲ್ಲ. ಮೊದಲ ವಾರವೆಲ್ಲ ಗುರುದ್ವಾರದ ತಂಪಿನಲ್ಲಿ ಕಾಲು ಚಾಚಿದವರು ಸಮಿತಿಯ ನಾವೇ. ಬೇರೆ ಧರ್ಮದವರ ಜಾಗವೆಂದು ಅಂಜುತ್ತಾರೇನೋ ಎಂದರು ಪಂಡಿತ್‌ಜಿ. ನಾವೆಲ್ಲಿ ಉಪದೇಶ ಶುರುಮಾಡುತ್ತೇವೋ ಎಂಬ ಭಯವಿರಬೇಕು ಎಂದರು ಮೌಲ್ವಿ ಸಾಹೇಬರು. ಅದು ಎಲ್ಲರಿಗೂ ಸರಿ ಎನ್ನಿಸಿ, ಇಲ್ಲಿ ಉಪದೇಶ ಇರುವುದಿಲ್ಲ ಎಂದು ದೊಡ್ಡ ಬೋರ್ಡು ಬರೆಸಿ ನಾಲ್ಕೂ ಬಾಗಿಲಿಗೆ ತೂಗುಹಾಕಿದೆವು. ಆಗಲೂ ಯಾರೂ ಬಾರದಿದ್ದಾಗ, ಶಾಂತಿಯನ್ನೇ ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಅವಳು ತಲೆಯ ಮೇಲೆ ಒದ್ದೆ ಸೆರಗು ಎಳೆದುಕೊಂಡು, ಗಾಡಿಯ ಕೆಳಗಿನ ಗೇಣು ನೆರಳಿನಲ್ಲಿ ಮುದುಡಿ ಕುಳಿತಿದ್ದಳು. ರಾಮ್‌ದೀನ್ ಬಿದ್ದದ್ದು ಅದೇ ಜಾಗದಲ್ಲಿ. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಠೇಲಾ ಗಾಡಿ ಬಿಟ್ಟು ಹೇಗೆ ಬರಲಿ, ಸಾಬ್?" ಎಂದಳು.

ಬೀದಿಯ ಗಾಡಿಗಳನ್ನು ಎತ್ತಿಕೊಂಡು ಹೋಗುವ ಮುನಿಸಿಪಾಲಿಟಿ ಲಾರಿ ಬರುತ್ತದೆ, ಹಸು ಬಾಯಿ ಹಾಕುತ್ತದೆ, ಗಾಡಿ ಹೋದರೆ ಮನೆಯೇ ಹೋದಂತೆ. ಸಮಿತಿಗೆ ಇದನ್ನು ಬಂದು ಹೇಳಿದಾಗ, ಇಷ್ಟೇ ತಾನೇ, ಚಕ್ರಕ್ಕೊಂದು ಬೀಗ ಜಡಿದರಾಯಿತು ಎಂದು ಯಾರೋ ಅಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನಾಲ್ಕು ಧರ್ಮಗಳ ಸಮಕ್ಷಮದಲ್ಲಿ ನನ್ನ ಚಪ್ಪಲಿಯ ಕಥೆಯನ್ನೆಲ್ಲ ಒಪ್ಪಿಸಿದೆ. ಸವೆದ ಚಪ್ಪಲಿಯನ್ನು ಹೊರಗೆ ಬಿಟ್ಟು ದೇವರ ಎದುರು ನೆಮ್ಮದಿಯಾಗಿ ನಿಲ್ಲಲಾರದವನು ನಾನು, ಬದುಕನ್ನೇ ಬೀದಿಯಲ್ಲಿ ಬಿಟ್ಟು ಬಂದು ಅವಳು ಮಲಗಬೇಕೆಂದರೆ ಹೇಗೆ ಎಂದೆ. ಪಂಡಿತ್‌ಜಿ ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ವರ್ಷ ಕೊಟ್ಟ ಪ್ರಸಾದವನ್ನೆಲ್ಲ ಹಿಂದೆ ಕೇಳುತ್ತಾರೇನೋ ಅನ್ನಿಸಿತು.

ಜ್ಞಾನೀಜಿ ನಿಧಾನವಾಗಿ ಗಡ್ಡ ನೀವಿಕೊಂಡರು. ಅವರ ಗುರುದ್ವಾರದಲ್ಲಿ ಬಂದವರ ಪಾದರಕ್ಷೆ ತೆಗೆದಿಟ್ಟು ಕಾಯುವುದೇ ಒಂದು ಸೇವೆ, ದೊಡ್ಡ ದೊಡ್ಡವರೂ ಸಾಲಾಗಿ ನಿಂತು ಮಾಡುತ್ತಾರೆ. "ಒಳಗೆ ಹೋದವನ ಮನಸ್ಸು ಒಳಗೇ ಇರಲಿ ಅಂತ ನಾವು ಜೋಡು ಕಾಯುತ್ತೇವೆ. ಚಲೋ, ಗಾಡಿಯನ್ನೂ ಕಾಯೋಣ" ಎಂದರು.

ಹೀಗೆ ಸರದಿ ಶುರುವಾಯಿತು. ಮಂದಿರದ ಮುಂದಿನ ಹೂವಿನ ಗಾಡಿಗೆ ಮೌಲ್ವಿ ಸಾಹೇಬರು ಕಾವಲು ನಿಂತರು. ಪಂಡಿತ್‌ಜಿಯವರ ಪಾಲಿಗೆ ಮೊಟ್ಟೆಯ ಗಾಡಿ ಬಂತು. ಅವರು ಮೊಟ್ಟೆಗಳಿಗೆ ಬೆನ್ನು ತಿರುಗಿಸಿ ನಿಂತರು, ಕಾಯುವವನು ಹೊರಗೆ ಮುಖ ಮಾಡಿಯೇ ನಿಲ್ಲಬೇಕಲ್ಲವೇ ಎಂದು ಸಮರ್ಥಿಸಿಕೊಂಡರು. ಶಾಂತಿಯ ಗಾಡಿ ನನಗೆ ಬಂತು. ಅವಳು ಎರಡೆರಡು ಸಲ ತಿರುಗಿ ನೋಡುತ್ತ ರಸ್ತೆ ದಾಟಿದಳು. ಗುರುದ್ವಾರದ ಗೋಡೆಗೆ ಒರಗಿದ್ದೇ ನಿದ್ದೆ ಹೋದಳೆಂದು ಆಮೇಲೆ ಜ್ಞಾನೀಜಿ ಹೇಳಿದರು.

ಇತ್ತ ನನ್ನ ಸ್ಥಿತಿ ನೆಟ್ಟಗಿರಲಿಲ್ಲ. ಕೆಳಗಿನಿಂದ ರಸ್ತೆ ಸುಡುತ್ತಿತ್ತು, ಅದು ಸರಿ. ಆದರೆ ಮೇಲಿನಿಂದ ಕತ್ತಿನ ಹಿಂಭಾಗಕ್ಕೆ ಒಲೆಯ ಬಾಯಿಯಂಥ ಬಿಸಿಗಾಳಿ ಬಿಡದೆ ಬಡಿಯುತ್ತಿತ್ತು. ಯಾರದಪ್ಪ ಈ ಏಸಿ, ಬಡವರ ತಲೆಯ ಮೇಲೆ ಉಗುಳುತ್ತಿದೆ ಎಂದು ಕೋಪದಿಂದ ತಲೆಯೆತ್ತಿದೆ. ಮೊದಲ ಮಹಡಿ. ಬಾಲ್ಕನಿಯಲ್ಲಿ ಒಣಗುತ್ತಿದ್ದದ್ದು ನನ್ನದೇ ಪಂಚೆ. ರಾಮ್‌ದೀನ್ ಇಲ್ಲೇ ನಿಂತು ಎಷ್ಟು ಬೇಸಿಗೆ ಕಳೆದನೋ, ಒಂದು ಸಲವೂ ಮೇಲೆ ನೋಡಿ ಏನೂ ಅನ್ನಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಸುಮಿತ್ರಾಗೆ ಫೋನ್ ಮಾಡಿ ಏಸಿ ಆರಿಸು ಎಂದೆ. ಅವಳು ಗಾಬರಿಯಾಗಿ, ದನಿ ಯಾಕೆ ಹೀಗಿದೆ, ಮೊದಲು ಮೇಲೆ ಬನ್ನಿ ಎಂದಳು.

"ಗಾಡಿ ಬಿಟ್ಟು ಹೇಗೆ ಬರಲಿ?" ಎಂದೆ.

ಸ್ವಲ್ಪ ಹೊತ್ತಿಗೆ ಕತ್ತಿನ ಮೇಲಿನ ಗಾಳಿ ನಿಂತಿತು. ಮೇಲಿನಿಂದ ಬುಟ್ಟಿ ಇಳಿದು ಬಂತು, ಅದರಲ್ಲಿ ಎರಡು ಲೋಟ ಮಜ್ಜಿಗೆ ಇತ್ತು. ನಾನೊಂದು ಕುಡಿದು, ಇನ್ನೊಂದನ್ನು ಶಾಂತಿಗೆಂದು ತಟ್ಟೆ ಮುಚ್ಚಿಟ್ಟೆ.

ಬಿಸಿಲು ಇಳಿದ ಮೇಲೆ ಅವಳು ಬಂದಳು. ಕಣ್ಣಲ್ಲಿ ಇನ್ನೂ ನಿದ್ದೆಯಿತ್ತು, ಮುಖ ಹಗುರವಾಗಿತ್ತು. ಬದುಕಿಕೊಂಡಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆಂದು ಸ್ವಲ್ಪ ನೆಟ್ಟಗೆ ನಿಂತು, ಅಯ್ಯೋ ಇರಲಿ ಬಿಡಮ್ಮ ಎನ್ನುವ ಮುಖವನ್ನೂ ಸಿದ್ಧಮಾಡಿಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಗಾಡಿಗೆ ಹೋಗಿ, ಒದ್ದೆ ಗೋಣಿ ಎತ್ತಿ, ಸೋರೆಕಾಯಿಗಳ ಮೇಲೆ ಕೈಯಾಡಿಸಿ, ತಕ್ಕಡಿ ಮುಟ್ಟಿ, ಕೊತ್ತಂಬರಿ ಕಟ್ಟನ್ನು ಎತ್ತಿ ನೋಡಿ ಇಟ್ಟಳು. ನನಗೆ ಒಂದು ಗಳಿಗೆ ಪಿಚ್ಚೆನ್ನಿಸಿತು. ಆಮೇಲೆ ಸುಮ್ಮನಾದೆ. ಇಷ್ಟು ವರ್ಷ ಗುಡಿಯಿಂದ ಹೊರಗೆ ಬಂದಾಗ ನಾನಾದರೂ ಮೊದಲು ಯಾರ ಮುಖ ನೋಡಿದ್ದೆ?