ಐದು ಮಾರಿನ ನೀರು

"ಸಮುದ್ರ ಓದಿ ಡಿಗ್ರಿ ತರ್ತಾಳಂತ! ಆಗೂ ಮಾತಲ್ಲ, ಬಿಡು ಬೇ," ಎಂದು ನನ್ನನ್ನು ಆಡಿಕೊಂಡವಳು ಬೇರೆ ಯಾರೂ ಅಲ್ಲ, ನನ್ನ ಸೋದರತ್ತೆ. ತೆಲಸಂಗದ ನಮ್ಮ ಹಿತ್ತಲಿನ ಒಂದೇ ಬಾವಿಯಿಂದ ಮೂರು ಬಾವಿಯ ನೀರು ಸೇದುವ ಮಹಾತಾಯಿ ಆಕೆ!

ಹೇಗೆ ಅಂತೀರಾ? ಸಣ್ಣ ಬಾಯಿಯ ತಾಮ್ರದ ತಂಬಿಗೆ, ಮುಳುಗಲೆಂದು ಅದಕ್ಕೊಂದು ಕಲ್ಲು, ಬಾಯಿಗೆ ಕಟ್ಟಿಗೆಯ ಬೂಚು. ತಂಬಿಗೆಗೊಂದು ಹಗ್ಗ, ಬೂಚಿಗೆ ಇನ್ನೊಂದು. ಬೇಕಾದ ಆಳಕ್ಕೆ ಇಳಿಸಿ ಬೂಚಿನ ಹಗ್ಗ ಜಗ್ಗಿದರೆ ಅಲ್ಲಿನ ನೀರಷ್ಟೇ ಒಳಗೆ! ಮೇಲಿನ ಬೆಚ್ಚನೆಯ ನೀರು ಮುಸುರೆ ತಿಕ್ಕಲು, ಮೂರು ಮಾರು ಆಳದ್ದು ಕುಡಿಯಲು, ಐದು ಮಾರಿನ ತಣ್ಣನೆಯದು ದೇವರಿಗೆ ಮಾತ್ರ. ಅಪ್ಪ ಜ್ವರದಲ್ಲಿ ಬೇಡಿದರೂ ಅದು ಸಿಕ್ಕಿರಲಿಲ್ಲ. ಓಣಿಯ ಹುಡುಗರು ಹಾರಿ ಈಜಿದರಂತೂ ನೀರೆಲ್ಲ ಕಲೆತುಹೋಯಿತೆಂದು ಎರಡು ದಿನ ದೇವರಿಗೂ ಸ್ನಾನವಿಲ್ಲ!

ಅಕ್ಕನನ್ನು ನೋಡಲು ಅಥಣಿಯಿಂದ ಬಂದ ವರನ ಕಡೆಯವರನ್ನು, ನೀರು ಮೇಲಿನದು ಬೇಕೋ ನಡುವಿನದೋ ಎಂದು ಅತ್ತೆ ಕೇಳಿದಳು. ಯಾವುದಾದರೂ ಆದೀತು ಎಂದರು, ಪಾಪ.

"ನೀರಿನ ಫರಕ್ ತಿಳೀದವ್ರಿಗೆ ಹುಡುಗಿ ಫರಕ್ ಏನ್ ತಿಳೀತೈತಿ?" ಎಂದು ಸಂಬಂಧವನ್ನೇ ಮುರಿದಳು.

ಇಂಥ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಕಾರವಾರದಲ್ಲಿ ಎಂ.ಎಸ್ಸಿ. ಕಡಲ ನೀರಿನ ಯಾವ ಪದರದಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತವೆ, ಗಾಳಿ ಕಲಕಿದರೆ ಅವು ಏನಾಗುತ್ತವೆ ಎಂಬುದು ನನ್ನ ಪ್ರಾಜೆಕ್ಟು. ನೀರೆತ್ತುವ ಉಪಕರಣ ಕೆಟ್ಟಿತ್ತು. ಬಾಟಲಿಗೆ ಹಗ್ಗ ಕಟ್ಟಿ ಇಳಿಸಿದೆ. ಎಲ್ಲ ಆಳದಲ್ಲೂ ಅವೇ ಬ್ಯಾಕ್ಟೀರಿಯಾ! ಇನ್ನೆರಡು ಸಲ ದೋಣಿ ಸಿಗುತ್ತದೆ, ಆಮೇಲೂ ಹೀಗೇ ಆದರೆ ಪದವಿ ಮರೆತುಬಿಡು ಎಂದರು ಗುರುಗಳು.

ಅತ್ತು ಮುಗಿದ ಮೇಲೆ ಹೊಳೆಯಿತು. ಬಾಯಿ ತೆರೆದ ಬಾಟಲಿ ಇಳಿಯುವ ಮೊದಲೇ ಮೇಲಿನ ನೀರು ತುಂಬಿಕೊಳ್ಳುತ್ತದಲ್ಲವೇ? ಅತ್ತೆಗೆ ಫೋನ್ ಮಾಡಿ ಬೂಚಿನ ಗುಟ್ಟು ಕೇಳಿದೆ.

"ಬೂಚಿನ ಹಗ್ಗ ಸಡ್ಲ ಬಿಡು. ಮುಟ್ಟೂತನಕ ಜಗ್ಗಬ್ಯಾಡ," ಎಂದಳು. ಯಾಕೆ ಏನು ಎಂದು ಆಕೆ ಕೇಳಲಿಲ್ಲ.

ತೊಳೆದು ಕುದಿಸಿದ ಬಾಟಲಿ, ಕಲ್ಲು, ಬೂಚು, ಎರಡು ಹಗ್ಗ. ಪ್ರಯೋಗಾಲಯದ ತಟ್ಟೆಯಲ್ಲಿ ಮೇಲಿನ ನೀರಿನ ಬ್ಯಾಕ್ಟೀರಿಯಾ ಹಳದಿ, ಕೇಸರಿ ಚುಕ್ಕೆಗಳಾಗಿ ಬೆಳೆದವು. ತಳದವು ಬರೀ ಬಿಳಿ. ಜೋರು ಗಾಳಿ ಬೀಸಿದ ಮರುದಿನ ತಂದ ನೀರಿನಲ್ಲಿ ಎಲ್ಲ ಬಣ್ಣವೂ ಎಲ್ಲ ಆಳದಲ್ಲೂ! ಥೇಟ್ ಹುಡುಗರು ಈಜಿದ ಬಾವಿ.

ಮೊನ್ನೆ ಸರ್ಟಿಫಿಕೇಟನ್ನು ಅತ್ತೆಯ ಕೈಗಿಟ್ಟೆ. ಓದಲು ಬಾರದ ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಹಿಂದೆ ಮುಂದೆ ತಿರುವಿ ನೋಡಿದಳು, ಮರಳಿ ಕೊಟ್ಟು ಬಾವಿಯತ್ತ ನಡೆದಳು. ಹೊತ್ತು ಹಿಡಿಯಿತು. ತಂಬಿಗೆ ತಂದು ನನ್ನ ಮುಂದೆ ಹಿಡಿದಳು.

"ಕುಡಿ," ಎಂದಳು. "ಐದ್ ಮಾರಿಂದು."