ಬಣ್ಣ ಬಿಡದ ತಲೆ

ನಮ್ಮ ಮೊಳಕಾಲ್ಮುರಿನಲ್ಲಿ ಎಷ್ಟು ತೊಳೆದರೂ ಬಣ್ಣ ಬಿಡದವು ಎರಡೇ: ಒಂದು ಇಲ್ಲಿಯ ರೇಷ್ಮೆ ಸೀರೆ, ಇನ್ನೊಂದು ನನ್ನ ಸೋದರಮಾವನ ತಲೆ! ಎರಡಕ್ಕೂ ಬಣ್ಣ ಹಾಕುವವರು ಮಾವನೇ. ನೇಯುವವರಿಗೆ ರೇಷ್ಮೆ ನೂಲು ಅದ್ದಿಕೊಡುವುದು ಅವರ ಕಸುಬು. ಅರವತ್ತು ದಾಟಿದೆ, ತಲೆ ಮಾತ್ರ ಕಾಗೆಗೂ ಹೊಟ್ಟೆಕಿಚ್ಚು ಬರುವಷ್ಟು ಕಪ್ಪು.

ಭಾನುವಾರ ಬೆಳಗ್ಗೆ ಬಣ್ಣ ಬಳಿದುಕೊಂಡು ಅಂಗಳದಲ್ಲಿ ಕೂತರೆ ಅವರು ನಗುವಂತಿಲ್ಲ. ನಕ್ಕರೆ ಬಣ್ಣ ಹಣೆಗಿಳಿಯುತ್ತದೆ. ನಾನೋ, ಊರಲ್ಲಿ ಯಾರ ದನಿಯನ್ನೂ ಬಿಡದೆ ಅಣಕಿಸುವವನು (ಏಟು ಬಿದ್ದಾಗ ಅಳುವ ನನ್ನ ದನಿಯೂ ಸೇರಿ). ಎದುರಿಗೇ ನಿಂತು ಅವರಂತೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಮಾವನ ಹೊಟ್ಟೆ ಕುಲುಕುತ್ತಿತ್ತು, ಮುಖ ಮಾತ್ರ ಕಲ್ಲು. ಎಂಥ ಸಂಯಮ!

ಈಚೆಗೆ ಹೊಸ ಬಣ್ಣ ತಂದರು. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ, ಎರಡು ದಿನ ಕಾದು ನೋಡಿ ಎಂದು ಪೊಟ್ಟಣದ ಮೇಲಿತ್ತು. ಓದಿ ಹೇಳಿದೆ.

"ನಂಗೇ ಹೇಳ್ಕೊಡ್ತೀಯೇನ್ಲೇ? ಎಳೆ ಅದ್ದಿ ನೋಡ್ದೆ ಎಂದಾದ್ರೂ ಬಣ್ಣ ಹಾಕೀನಾ?" ಎಂದವರೇ ಬಿಳಿ ರೇಷ್ಮೆಯ ಎಳೆಯೊಂದನ್ನು ಅದ್ದಿ, ನೆರಳಿಗೆ ಹಾಕಿ, ಎರಡು ದಿನ ಕಾದರು. ಕಸುಬಿನ ಶಿಸ್ತು ಅಂದರೆ ಅದು! ಎಳೆ ಕಪ್ಪಗೆ ಹೊಳೆಯಿತು. ಪರೀಕ್ಷೆ ಪಾಸು. ಆದರೆ ರೇಷ್ಮೆ ಎಳೆಗೆ ತುರಿಕೆ ಬರುವುದುಂಟೆ?

ಮಾವನಿಗೆ ಬಂತು. ತಲೆಗೆ ಹಚ್ಚಿದ ಮರುದಿನ ಕಣ್ಣು ಮುಚ್ಚಿಹೋಗಿ, ಕಿವಿಗಳು ಬೋಂಡಾದಂತೆ ಉಬ್ಬಿದ್ದವು. ಚಳ್ಳಕೆರೆ ಬಸ್ಸಿನಲ್ಲಿ ಪರಿಚಯದ ಕಂಡಕ್ಟರು, ಪಕ್ಕದಲ್ಲೇ ಕೂತಿದ್ದ ಅವರನ್ನು ನೋಡಿಯೂ ನನ್ನನ್ನು ಕೇಳಿದ: "ಯಾಕಪ್ಪಾ, ಮಾವ ಬರ್ಲಿಲ್ಲೇನು?"

ಚಳ್ಳಕೆರೆಯ ಡಾಕ್ಟರಮ್ಮ ಚೆನ್ನಾಗಿ ಬೈದರು. ವರ್ಷಗಟ್ಟಲೆ ಒಗ್ಗಿದ ಬಣ್ಣವೂ ಒಂದು ದಿನ ಮೈಗೆ ಆಗದೆ ಹೋಗಬಹುದು, ಇನ್ನೊಮ್ಮೆ ಹಚ್ಚಿದರೆ ಉಸಿರಿಗೇ ಸಂಚಕಾರ, ಕಪ್ಪು ಗೋರಂಟಿ ಎಂದು ಮಾರುವುದನ್ನೂ ನಂಬಬೇಡಿ ಎಂದರು. ಈ ವಯಸ್ಸಿಗೆ ಶೋಕಿ ಯಾಕೆ ಎಂದೂ ಕೇಳಿದರು. ನಾನು ಕಿಸಕ್ಕೆಂದೆ.

"ಶೋಕಿ ಅಲ್ಲ ತಾಯಿ," ಎಂದರು ಮಾವ. "ಬಿಳೇ ತಲೆ ಕಂಡ್ರೆ ನಮ್ಮವ್ವ ನನ್ ಕೈಯಾಗ ಉಣ್ಣಲ್ಲ."

ನನ್ನ ನಗು ಅಲ್ಲೇ ನಿಂತಿತು. ಅಜ್ಜಿಗೆ ಮರೆವು. ಮಗನೆಂದರೆ ಅವಳಿಗೆ ಕಪ್ಪು ತಲೆಯವನು. ಬೇರೆ ಯಾರು ತುತ್ತು ಹಿಡಿದರೂ ಬಾಯಿ ಬಿಡಳು.

ಬಣ್ಣ ನಿಂತಿತು. ಬುಡದಿಂದ ಬಿಳುಪು ಏರುತ್ತಾ ಬಂದಂತೆ ಮಾವ ತಲೆಗೆ ಟವೆಲ್ ಸುತ್ತಿಕೊಂಡೇ ಉಣ್ಣಿಸಿದರು. ಒಂದು ಮಧ್ಯಾಹ್ನ ಟವೆಲ್ ಜಾರಿತು. ಬಣ್ಣ ಕಾಣದ ರೇಷ್ಮೆಯಂಥ ತಲೆ! ಅಜ್ಜಿ ತಟ್ಟನೆ ಸೆರಗು ಹೊದ್ದಳು. ಮಾವನ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ನಿಂತಿತು. ಅಜ್ಜಿ ಮಗನ ಗುರುತು ಹಿಡಿಯಲಿ, ಮಾವನ ಹರೆಯದ ದನಿ ತೆಗೆದು ನೋಡೋಣವೆಂದು ಬಾಗಿಲ ಹಿಂದೆ ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅಜ್ಜಿ ನಾಚುತ್ತಾ ಕೇಳಿದಳು: "ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ? ಹುಡ್ಗ ಉಂಡ್ನಾ?"

ಎಂದೋ ತೀರಿಹೋದ, ಬಿಳಿ ತಲೆಯ ಅಜ್ಜನಿಗೆ ಕೇಳಿದ ಪ್ರಶ್ನೆ ಅದು. ಆ ಹುಡುಗ ಎದುರಿಗೇ ಕೂತಿದ್ದರು.

ಜೀವಮಾನದಲ್ಲಿ ಯಾರನ್ನೂ ಅಣಕಿಸದ ಮಾವ, ಅಜ್ಜನದೇ ದಪ್ಪ ದನಿ ತೆಗೆದು ಹೇಳಿದರು: "ಅವ್ನು ಉಂಡಾನೆ. ನೀನು ಉಣ್ಣು."

ಅಜ್ಜಿ ಬಾಯಿ ತೆರೆದಳು. ಬಾಗಿಲ ಹಿಂದಿದ್ದ ಊರಿನ ದೊಡ್ಡ ಅಣಕುಗಾರ, ಪಟ್ಟವನ್ನು ಮಾವನಿಗೇ ಬಿಟ್ಟುಕೊಟ್ಟು, ಅಜ್ಜಿಗೆ ನೀರು ತರಲು ಹೋದ.