ಮೆಷಿನ್ ಡಾಕ್ಟರ ಎಡಗಿವಿ

ಹೊಲಿಗೆ ಯಂತ್ರವನ್ನು ಬಿಚ್ಚದೆಯೇ, ಬರೀ ಕಿವಿಗೊಟ್ಟು ಕೇಳಿ ರೋಗ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದುದರಿಂದ ಊರವರೆಲ್ಲ ಆ ರಿಪೇರಿಯವರನ್ನು ‘ಮೆಷಿನ್ ಡಾಕ್ಟ್ರು’ ಎನ್ನುತ್ತಿದ್ದರು. (ಹೆಂಡತಿ ಮಾತ್ರ ‘ರೀ’ ಎನ್ನುತ್ತಿದ್ದಳು, ಅದು ಕೇಳಿಸಲು ಮೂರು ಸಲ ಕರೆಯಬೇಕಾಗಿತ್ತು.) ಅಂಥವರ ಎಡಗಿವಿಯಲ್ಲಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ‘ಗುಂಯ್’ ಎಂದು ಶುರುವಾಯಿತು. ಕಿವಿ ಮಂದವೂ ಆಯಿತು.

ಕಿವಿಯೇ ಕೆಟ್ಟಿದೆಯೆಂದು ಗೊತ್ತಾದರೆ ಕೆಲಸ ಕೊಡುವವರು ಯಾರು? ಬಾಯಿಗೆ ಬೀಗ ಹಾಕಿಕೊಂಡರು. ಹೆಂಡತಿ ಕೇಳಿದರೆ, “ತಲೆನೋವು ಕಣೆ, ಹೋಗುತ್ತೆ.”

ತಿಂಗಳು ನಾಲ್ಕಾದರೂ ಹೋಗಲಿಲ್ಲ. ಬದಲಿಗೆ ಮನೆಯಲ್ಲಿ ಮೌನಾಜ್ಞೆ ಜಾರಿಗೆ ಬಂತು. ಫ್ಯಾನ್ ಬಂದ್, ರೇಡಿಯೋ ಬಂದ್. ಮಗಳು ಪಾಠವನ್ನು ಬರೀ ತುಟಿ ಅಲ್ಲಾಡಿಸಿ ಓದಬೇಕು. ಮನೆ ಸದ್ದಡಗಿದಷ್ಟೂ ಗುಂಯ್ ಜೋರಾಯಿತು. ಒಂದು ದಿನ ತಡೆಯಲಾರದೆ, “ನೀನು ಒಂದು ಗಂಟೆ ಬಾಯಿ ಮುಚ್ಚಿದ್ರೆ ನನ್ನ ಪ್ರಾಣ ಉಳಿಯುತ್ತೆ!” ಎಂದು ಹೆಂಡತಿಯ ಮೇಲೆ ಹರಿಹಾಯ್ದರು.

ಆಕೆ ಒಂದು ಗಂಟೆಯಲ್ಲ, ಹನ್ನೊಂದು ದಿನ ಮುಚ್ಚಿದಳು.

ಹನ್ನೆರಡನೆಯ ದಿನ ಟೈಲರ್ ಅಕ್ಕನ ಅಂಗಡಿಯಲ್ಲಿ ಮಾನ ಹೋಯಿತು. ಯಂತ್ರದ ಪಕ್ಕ ಬಗ್ಗಿ, ಕಣ್ಣು ಮುಚ್ಚಿ, “ಕೇಳಿಸ್ತಿದೆಯಲ್ಲ, ಬೇರಿಂಗ್ ಹೋಗಿದೆ” ಎಂದು ತೀರ್ಪಿತ್ತರು.

ಟೈಲರ್ ಅಕ್ಕ ಅವರನ್ನೇ ದಿಟ್ಟಿಸಿದಳು. “ಅಣ್ಣಾ, ನಾನಿನ್ನೂ ಸ್ವಿಚ್ಚೇ ಹಾಕಿಲ್ಲ.”

ಅಲ್ಲಿಂದ ನೇರ ಕಿವಿ ಡಾಕ್ಟರ ಹತ್ತಿರ ಹೋದರು. ಪರೀಕ್ಷೆ ಮುಗಿಸಿದ ವೈದ್ಯೆ, “ಶುರುವಾದಾಗಲೇ ಯಾಕೆ ಬರಲಿಲ್ಲ? ಕಿವಿ ದಿಢೀರಂತ ಮಂದ ಆದರೆ ಮೊದಲ ಕೆಲವು ದಿನಗಳು ತುಂಬಾ ಮುಖ್ಯ. ಆಗ ಮಾತ್ರೆ ಕೊಟ್ಟು ನೋಡಬಹುದಿತ್ತು” ಎಂದರು.

ಮೆಷಿನ್ ಡಾಕ್ಟ್ರು ಕುರ್ಚಿಯ ಅಂಚಿಗೆ ಸರಿದರು. “ಹಾಗಾದ್ರೆ ನನ್ನ ಕಸುಬು ಮುಗೀತಾ?”

“ಯಾರು ಹೇಳಿದ್ದು? ಕಿವಿಗೊಂದು ಯಂತ್ರ ಹಾಕೋಣ.”

“ಯಂತ್ರಾನಾ? ನನಗಾ?”

“ನಿಮಗೇ. ಗುಂಯ್ ಅನ್ನೋದನ್ನ ಅಳಿಸೋ ಮಾತ್ರೆ ಇಲ್ಲ. ಆದರೆ ಅದನ್ನ ಲೆಕ್ಕಕ್ಕೆ ತಗೊಳ್ಳದ ಹಾಗೆ ಮನಸ್ಸನ್ನ ಪಳಗಿಸಬಹುದು, ಅದಕ್ಕೆ ಕೌನ್ಸೆಲಿಂಗ್ ಇದೆ. ಮುಖ್ಯವಾಗಿ, ಮೌನದಲ್ಲಿ ಕೂರಬೇಡಿ. ಸುತ್ತಮುತ್ತ ಮೆಲ್ಲಗೆ ಏನಾದ್ರೂ ಸದ್ದಿರಲಿ. ಫ್ಯಾನು, ಹಾಡು, ಮಾತು.”

ಕೊನೆಯ ಪದಕ್ಕೆ ಅವರಿಗೆ ಹೆಂಡತಿ ನೆನಪಾದಳು.

ಮನೆಗೆ ಬಂದವರೇ ಫ್ಯಾನ್ ಹಾಕಿದರು, ರೇಡಿಯೋ ಹಾಕಿದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ತಪ್ಪಿತಸ್ಥರಂತೆ ನಿಂತರು. “ಏನಾದ್ರೂ ಮಾತಾಡೇ.”

ಆಕೆ ತಲೆಯೆತ್ತದೆ ಬೀನ್ಸ್ ಹೆಚ್ಚುತ್ತಲೇ ಇದ್ದಳು. ಅವರು ಕಿವಿಯ ಕಥೆ, ಹೆದರಿಕೆ, ಸ್ವಿಚ್ಚಿನ ಅವಮಾನ ಎಲ್ಲವನ್ನೂ ಒದರಿದರು. ಚಾಕು ನಿಂತಿತು.

“ನಾಲ್ಕು ತಿಂಗಳು ಒಬ್ರೇ ಅನುಭವಿಸಿದ್ರಾ?” ಆಕೆಯ ದನಿ ಒಡೆದಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: “ಡಾಕ್ಟ್ರು ಚೀಟಿಯಲ್ಲಿ ಬರೆದಿದ್ದಾರಾ?”

“ಏನನ್ನ?”

“ನನ್ನ ಮಾತನ್ನ. ದಿನಕ್ಕೆ ಎಷ್ಟು ಸಲ? ಊಟಕ್ಕೆ ಮುಂಚೆಯೋ, ಆಮೇಲೋ?”

“ನಿನಗೆ ತೋಚಿದಷ್ಟು” ಎಂದು ಬಾಯಿ ತಪ್ಪಿ ಹೇಳಿಬಿಟ್ಟರು.

ಆಕೆ ಸ್ಟೂಲು ಎಳೆದು, ಒಳ್ಳೆಯ ಕಿವಿ ತನ್ನ ಕಡೆಗೇ ಇರುವಂತೆ ಅವರನ್ನು ತಿರುಗಿಸಿ ಕೂರಿಸಿದಳು. ಬಳಿಕ ಮದುವೆಯ ದಿನದಿಂದ ಶುರುಮಾಡಿದಳು.